ಲ್ಯಾಟಾನೊಪ್ರಾಸ್ಟ್ ಕಣ್ಣಿನ ಹನಿ: ಏಳು ವರ್ಷದ ಬಳಕೆ, ಒಂದು ಅಪರೂಪದ ತೊಂದರೆ

ಗ್ಲಾಕೋಮಾಕ್ಕೆಂದು (ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿಯ ನರ ಸಾಯುವ ಕಾಯಿಲೆ) ಲ್ಯಾಟಾನೊಪ್ರಾಸ್ಟ್ ಹನಿಯನ್ನು ಆರು ವರ್ಷ ಎರಡೂ ಕಣ್ಣಿಗೆ ಹಾಕಿಕೊಂಡವನು ನಾನು. ಕಳೆದ ವರ್ಷದಿಂದ ಅದು ಎಡಗಣ್ಣಿಗೆ ಮಾತ್ರ. ಬಲಗಣ್ಣಿಗೆ ಏಕೆ ನಿಂತಿತು ಎಂಬುದನ್ನು ವಿವರವಾಗಿ ಬರೆಯಬೇಕೆಂದೇ ಈ ವಿಮರ್ಶೆಗೆ ಕೈಹಾಕಿದ್ದೇನೆ. ಆದರೆ ಓದುವವರು ಅರ್ಧಕ್ಕೇ ಗಾಬರಿಯಾಗಿ ತಮ್ಮ ಬಾಟಲಿಯನ್ನು ಕಸದ ಬುಟ್ಟಿಗೆ ಎಸೆಯಬಾರದೆಂದು ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಒಳ್ಳೆಯ ಔಷಧ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಆ ಒಂದು ಅಂಕವನ್ನು ಡಬ್ಬಿಯೊಳಗೆ ಮಡಚಿಟ್ಟಿರುವ ಕಾಗದದ ಲೆಕ್ಕಕ್ಕೆ ಬರೆದುಕೊಳ್ಳಿ.

ಬಾಟಲಿ ಹೆಬ್ಬೆರಳಿನಷ್ಟು ಚಿಕ್ಕದು. ಒಳಗಿರುವುದು 2.5 ಮಿ.ಲೀ. ದ್ರಾವಣ, ಅದರಲ್ಲಿ ಶೇ. 0.005ರಷ್ಟು ಲ್ಯಾಟಾನೊಪ್ರಾಸ್ಟ್, ಅಂದರೆ ಒಂದು ಹನಿಯಲ್ಲಿ ಸುಮಾರು 1.5 ಮೈಕ್ರೊಗ್ರಾಂ. ಕಡ್ಡಿಪುಡಿಯ ಒಂದು ಕಣಕ್ಕೂ ಸಮನಾಗದ ಈ ಔಷಧ ರಾತ್ರಿ ಮಲಗುವ ಮುನ್ನ ಒಮ್ಮೆ ಕಣ್ಣಿಗೆ ಬಿದ್ದರೆ ಮರುದಿನವಿಡೀ ಕಣ್ಣೊಳಗಿನ ಒತ್ತಡವನ್ನು ತಗ್ಗಿಸಿಡುತ್ತದೆ ಎಂಬುದು ನನಗೆ ಈಗಲೂ ಸೋಜಿಗದ ಸಂಗತಿ. ಶುರು ಮಾಡುವ ಮುನ್ನ ನನ್ನ ಬಲಗಣ್ಣಿನ ಒತ್ತಡ, ಪಾದರಸದ ಮಿ.ಮೀ. ಲೆಕ್ಕದಲ್ಲಿ, 27, ಎಡಗಣ್ಣಿನದು 26 ಇತ್ತು. ಸಾಮಾನ್ಯವಾಗಿ 21ರೊಳಗೆ ಇರಬೇಕಾದದ್ದು. ಆರು ವಾರಗಳಲ್ಲಿ ಎರಡೂ 18ಕ್ಕೆ ಇಳಿದವು, ಮುಂದಿನ ವರ್ಷಗಳಲ್ಲಿ ಅಲ್ಲಿಯೇ ಆಚೀಚೆ ನಿಂತವು. ವರ್ಷಕ್ಕೊಮ್ಮೆ ಮಾಡಿಸುವ ದೃಷ್ಟಿಕ್ಷೇತ್ರ ಪರೀಕ್ಷೆಯ ಕಪ್ಪು ಮಚ್ಚೆ ಹಿಗ್ಗಲಿಲ್ಲ. ಗ್ಲಾಕೋಮಾದ ಔಷಧದಿಂದ ಬಯಸಬಹುದಾದದ್ದು ಇಷ್ಟೇ, ಏಕೆಂದರೆ ಹೋದ ದೃಷ್ಟಿಯನ್ನು ಯಾವ ಹನಿಯೂ ಮರಳಿಸುವುದಿಲ್ಲ.

ನಮ್ಮ ತಂದೆಯವರಿಗೂ ಇದೇ ಕಾಯಿಲೆ ಇತ್ತು. ಅವರು ಪೈಲೊಕಾರ್ಪಿನ್ ಹನಿಯನ್ನು ದಿನಕ್ಕೆ ನಾಲ್ಕು ಸಲ ಹಾಕಿಕೊಂಡು, ಹುಬ್ಬಿನ ನೋವಿಗೆ ಹಣೆ ಒತ್ತಿಕೊಳ್ಳುತ್ತ, ಕಣ್ಣುಪಾಪೆ ಸಾಸಿವೆಕಾಳಿನಷ್ಟಾಗಿ ಸಂಜೆಯ ಮಬ್ಬಿನಲ್ಲಿ ಹೊಸಿಲು ತಡಕಾಡುತ್ತಿದ್ದುದನ್ನು ಕಂಡವನಿಗೆ ದಿನಕ್ಕೊಂದೇ ಹನಿಯ ಈ ವ್ಯವಸ್ಥೆ ಎಷ್ಟು ದೊಡ್ಡ ಅನುಕೂಲವೆಂದು ಬೇರೆ ಹೇಳಬೇಕಾಗಿಲ್ಲ.

ಬಳಕೆಯ ದೃಷ್ಟಿಯಿಂದ ದೂರುಗಳಿವೆ, ಆದರೆ ಅವು ಚಿಕ್ಕವು. ನಾನು ಕೊಳ್ಳುವ ತಯಾರಿಕೆಯ ಬಾಟಲಿ ಗಟ್ಟಿ ಪ್ಲಾಸ್ಟಿಕ್ಕಿನದು. ಸಂಧಿವಾತದ ಬೆರಳಿಗೆ ಅದನ್ನು ಹಿಚುಕುವುದು ಕಷ್ಟ, ಹಿಚುಕಿದರೆ ಒಂದರ ಬದಲು ಎರಡು ಹನಿ ಬಿದ್ದು ಕೆನ್ನೆಗಿಳಿಯುತ್ತದೆ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಫ್ರಿಜ್ಜಿನೊಳಗೆ ಇಡಬೇಕು, ತೆರೆದ ಮೇಲೆ 25 ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಆರು ವಾರ ಬಳಸಬಹುದು ಎಂದು ಡಬ್ಬಿಯ ಮೇಲೆ ಬರೆದಿದೆ. ನಮ್ಮ ಊರಿನ ಒಂದು ಮೆಡಿಕಲ್ ಶಾಪಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಅದನ್ನು ಕೆಮ್ಮಿನ ಸಿರಪ್ಪಿನ ಪಕ್ಕದ ಕಪಾಟಿನಿಂದ ತೆಗೆದುಕೊಟ್ಟಾಗ ನಾನು ಕೊಳ್ಳದೆ ಹಿಂದಿರುಗಿದೆ. ಫ್ರಿಜ್ ಬೇಡದ ತಯಾರಿಕೆಗಳೂ ಈಗ ನಮ್ಮ ಮಾರುಕಟ್ಟೆಯಲ್ಲಿವೆ. ಬಿಸಿಲೂರಿನವರು ವೈದ್ಯರನ್ನು ಕೇಳಿ ಅವನ್ನು ಬರೆಸಿಕೊಳ್ಳಬಹುದು. ಹನಿ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಂಚನ್ನು ಎರಡು ನಿಮಿಷ ಬೆರಳಿನಿಂದ ಒತ್ತಿಹಿಡಿದರೆ ಔಷಧ ಗಂಟಲಿಗೆ ಇಳಿಯುವುದು ತಪ್ಪುತ್ತದೆ. ಇದನ್ನು ನನಗೆ ಕಲಿಸಿದ್ದು ಆಸ್ಪತ್ರೆಯ ನರ್ಸ್.

ಎಲ್ಲರಿಗೂ ತಿಳಿದಿರುವ ಅಡ್ಡಪರಿಣಾಮಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಣ್ಣು ಸ್ವಲ್ಪ ಕೆಂಪಾಗುತ್ತದೆ, ರೆಪ್ಪೆಯ ಸುತ್ತ ಕಪ್ಪಾಗುತ್ತದೆ, ರೆಪ್ಪೆಗೂದಲು ಉದ್ದ ಬೆಳೆಯುತ್ತದೆ. ಈಗ ಒಂದೇ ಕಣ್ಣಿಗೆ ಹಾಕುತ್ತಿರುವುದರಿಂದ ನನ್ನ ಎಡಗಣ್ಣಿನ ರೆಪ್ಪೆಗೂದಲು ಕನ್ನಡಕದ ಗಾಜಿಗೆ ತಾಗಿ ಗೀರು ಮೂಡಿಸುತ್ತದೆ, ಬಲಗಣ್ಣಿನದು ಮೊದಲಿನಂತಾಗಿದೆ. ಇದೇ ಗುಂಪಿನ ಬಿಮಾಟೊಪ್ರಾಸ್ಟನ್ನು 2009ರಿಂದ ಅಮೆರಿಕದಲ್ಲಿ ರೆಪ್ಪೆಗೂದಲು ಬೆಳೆಸುವುದಕ್ಕೆಂದೇ ಮಾರುತ್ತಿದ್ದಾರೆ ಎಂದರೆ ಈ ಗುಣವನ್ನು ದೂರು ಎನ್ನುವುದೂ ಕಷ್ಟ.

ಇನ್ನು ವಿಷಯಕ್ಕೆ ಬರುತ್ತೇನೆ. ಬಲಗಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆಯಾಯಿತು. ಎಲ್ಲಿ, ಯಾರಿಂದ ಎಂದು ಬರೆಯುವುದಿಲ್ಲ. ಪೊರೆಗಟ್ಟಿದ ಮಸೂರವನ್ನು ತೆಗೆಯುವಾಗ ಅದನ್ನು ಹೊತ್ತಿರುವ ತೆಳುವಾದ ಚೀಲದ ಹಿಂಬದಿ ಹರಿದಿತ್ತು. ಇದು ನುರಿತ ಕೈಯಲ್ಲೂ ಕೆಲವೊಮ್ಮೆ ಆಗುವಂಥದ್ದು, ಅದಕ್ಕಾಗಿ ಯಾರನ್ನೂ ದೂಷಿಸುವುದಿಲ್ಲ. ಹರಿದ ಚೀಲದ ಮುಂದೆ ಕೃತಕ ಮಸೂರವನ್ನು ಕೂರಿಸಿದರು, ನಾಲ್ಕನೆಯ ದಿನಕ್ಕೆ ದೃಷ್ಟಿ ತಿಳಿಯಾಯಿತು, ಬಿಡುಗಡೆಯ ಚೀಟಿಯಲ್ಲಿ ‘ಪಿಸಿಆರ್’ ಎಂಬ ಮೂರಕ್ಷರ ಬರೆದು ಕಳುಹಿಸಿದರು. ಪೋಸ್ಟೀರಿಯರ್ ಕ್ಯಾಪ್ಸೂಲ್ ರಪ್ಚರ್, ಅಂದರೆ ಹಿಂಚೀಲ ಹರಿದಿದೆ ಎಂಬ ಅದರ ಅರ್ಥ ನನಗೆ ಆಗ ಗೊತ್ತಿರಲಿಲ್ಲ. ಗ್ಲಾಕೋಮಾದ ಹನಿಯನ್ನು ಹಿಂದಿನಂತೆಯೇ ಮುಂದುವರಿಸಿ ಎಂದರು, ಮುಂದುವರಿಸಿದೆ. ನನ್ನ ದೂರು ಇರುವುದು ಈ ಮೂರಕ್ಷರಕ್ಕೂ ಆ ಹನಿಗೂ ಇರುವ ಸಂಬಂಧವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ ಎಂಬುದರಲ್ಲಿ.

ಎಂಟನೆಯ ವಾರದಲ್ಲಿ ಪತ್ರಿಕೆ ಓದುವಾಗ ಒತ್ತಕ್ಷರಗಳು ಕಾಣೆಯಾಗತೊಡಗಿದವು. ಸಾಲಿನ ಮೇಲಿನ ಅಕ್ಷರ ಮಸುಕಾಗಿಯಾದರೂ ತಿಳಿಯುತ್ತಿತ್ತು, ಕೆಳಗಿನ ಒತ್ತು ಮಾತ್ರ ಕರಗಿದ ಬೆಲ್ಲದಂತೆ ಮುದ್ದೆಯಾಗಿರುತ್ತಿತ್ತು. ‘ಅಕ್ಕ’ನೋ ‘ಅಕ್ಷ’ವೋ ಎಂದು ವಾಕ್ಯದ ಅರ್ಥದಿಂದ ಊಹಿಸಬೇಕಾಗಿತ್ತು. ಕನ್ನಡಕದ ನಂಬರು ಬದಲಾಗಿರಬಹುದೆಂದು ಎರಡು ವಾರ ಸುಮ್ಮನಿದ್ದೆ. ಒಂದು ಬೆಳಿಗ್ಗೆ ಎಡಗಣ್ಣಿಗೆ ಕೈ ಅಡ್ಡ ಹಿಡಿದು ಕಿಟಕಿ ನೋಡಿದಾಗ ನಡುವಿನ ಎರಡು ಸರಳುಗಳು ಹೊಟ್ಟೆ ಉಬ್ಬಿಸಿಕೊಂಡು ಹೊರಬಾಗಿದ್ದವು. ಅಂಚಿನ ಸರಳುಗಳು ನೆಟ್ಟಗೇ ಇದ್ದವು. ಕೈಯನ್ನು ಬಲಗಣ್ಣಿಗೆ ಬದಲಾಯಿಸಿದರೆ ಎಲ್ಲ ಸರಳೂ ನೇರ. ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ತಪ್ಪನ್ನು ಮುಚ್ಚಿಹಾಕುತ್ತದೆ, ಹಾಗಾಗಿಯೇ ಅಷ್ಟು ದಿನ ನನಗೆ ತಿಳಿದಿರಲಿಲ್ಲ.

ರೆಟಿನಾ, ಅಂದರೆ ಅಕ್ಷಿಪಟಲದ ತಜ್ಞರು ಒಸಿಟಿ ಎಂಬ ಸ್ಕ್ಯಾನ್ ಚಿತ್ರ ತೆಗೆಸಿದರು. ಗಲ್ಲವನ್ನು ಪಟ್ಟಿಯ ಮೇಲಿಟ್ಟು ಹಸಿರು ನಕ್ಷತ್ರವನ್ನು ನೋಡುತ್ತ ಕುಳಿತರೆ ಅರ್ಧ ನಿಮಿಷದಲ್ಲಿ ಅಕ್ಷಿಪಟಲದ ಅಡ್ಡಸೀಳು ತೆರೆಯ ಮೇಲೆ ಮೂಡುತ್ತದೆ. ಎಡಗಣ್ಣಿನ ಚಿತ್ರದಲ್ಲಿ ಮ್ಯಾಕ್ಯುಲಾ, ಅಂದರೆ ನಾವು ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಬಳಸುವ ನಡುಭಾಗ, ಚಿಕ್ಕ ಬಟ್ಟಲಿನಂತೆ ತಗ್ಗಾಗಿತ್ತು. ಬಲಗಣ್ಣಿನಲ್ಲಿ ಆ ತಗ್ಗೇ ಇರಲಿಲ್ಲ. ಅದರ ಜಾಗದಲ್ಲಿ ದಿಬ್ಬ, ದಿಬ್ಬದೊಳಗೆ ಸೆಟ್ ದೋಸೆಯ ತೂತುಗಳಂತೆ ಕಪ್ಪು ಗುಳ್ಳೆಗಳು. ದಪ್ಪ ಎಡದಲ್ಲಿ 252 ಮೈಕ್ರಾನ್, ಬಲದಲ್ಲಿ 486. ಇದಕ್ಕೆ ಸಿಸ್ಟಾಯ್ಡ್ ಮ್ಯಾಕ್ಯುಲರ್ ಎಡಿಮಾ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಮ್ಯಾಕ್ಯುಲಾದೊಳಗೆ ನೀರುಗುಳ್ಳೆ ಕಟ್ಟಿ ಬಾವು ಬಂದಿತ್ತು. ಆ ದಿನ ಬಲಗಣ್ಣಿನ ದೃಷ್ಟಿ 6/18 (ಸರಿಯಿರುವ ಕಣ್ಣಿಗೆ 6/6). ವೈದ್ಯರು ಕೇಳಿದ ಎರಡನೆಯ ಪ್ರಶ್ನೆಯೇ, ‘ಯಾವ ಹನಿ ಹಾಕುತ್ತಿದ್ದೀರಿ?’

ಈ ಪ್ರಶ್ನೆ ಏಕೆ ಬಂತೆಂಬುದು ಔಷಧದ ಹುಟ್ಟಿನ ಕಥೆಯಲ್ಲೇ ಇದೆ. ಪ್ರೋಸ್ಟಾಗ್ಲಾಂಡಿನ್‌ಗಳು ದೇಹವೇ ತಯಾರಿಸುವ ರಾಸಾಯನಿಕಗಳು; ಗಾಯವಾದಲ್ಲಿ ಕೆಂಪು, ಬಾವು, ನೋವು ಬರುವುದರಲ್ಲಿ ಅವುಗಳ ಕೈವಾಡವಿದೆ. ಮೊಲದ ಕಣ್ಣಿಗೆ ಹೆಚ್ಚಿನ ಪ್ರಮಾಣದಲ್ಲಿ ಹಾಕಿದರೆ ಒತ್ತಡ ಏರುತ್ತಿತ್ತು, ಉರಿಯೂತ ಬರುತ್ತಿತ್ತು. ಹಾಗಾಗಿ ಇವು ಕಣ್ಣಿಗೆ ಶತ್ರುಗಳೆಂದೇ ಬಹುಕಾಲ ನಂಬಲಾಗಿತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಹಂಗೇರಿ ಮೂಲದ ಲಾಸ್ಲೊ ಬಿಟೊ ಮತ್ತು ಕಾರ್ಲ್ ಕ್ಯಾಮ್ರಸ್ ಅವರು 1970ರ ದಶಕದಲ್ಲಿ ಪ್ರಮಾಣವನ್ನು ತೀರಾ ತಗ್ಗಿಸಿದರೆ ಒತ್ತಡ ಇಳಿಯುತ್ತದೆ ಎಂದು ತೋರಿಸಿದರು. ಸ್ವೀಡನ್ನಿನ ಉಪ್ಸಾಲಾದಲ್ಲಿ ಫಾರ್ಮೇಶಿಯಾ ಕಂಪನಿಯ ಯೋಹಾನ್ ಶೆರ್ನ್‌ಶಾಂಟ್ಸ್ ಮತ್ತು ಸಂಗಡಿಗರು ಆ ಅಣುವನ್ನು ಕಣ್ಣು ಸಹಿಸುವಂತೆ ಮಾರ್ಪಡಿಸಿದ್ದರಿಂದ ಲ್ಯಾಟಾನೊಪ್ರಾಸ್ಟ್ ಹುಟ್ಟಿತು. 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಣ್ಣೊಳಗಿನ ನೀರು ಸಾಮಾನ್ಯ ಚರಂಡಿಯ ಜೊತೆಗೆ ಮಸೂರದ ಸುತ್ತಲಿನ ಸಿಲಿಯರಿ ಸ್ನಾಯುವಿನ ಎಳೆಗಳ ನಡುವಿನ ಹಿಂಬಾಗಿಲಿನಿಂದಲೂ ಹೊರಹೋಗುವಂತೆ ಇದು ದಾರಿ ಸಡಿಲಿಸುತ್ತದೆ. ಅಂದರೆ ಈ ಔಷಧವನ್ನು ಬಾವಿಗೆ ಕಾರಣವಾಗುವ ಕುಲದಿಂದಲೇ ತಂದು ಪಳಗಿಸಲಾಗಿದೆ.

ಮಸೂರ ಮತ್ತು ಅದರ ಚೀಲ ಇಡಿಯಾಗಿದ್ದರೆ ಕಣ್ಣಿನ ಮುಂಭಾಗದ ದ್ರವಕ್ಕೂ ಹಿಂಭಾಗದ ಅಕ್ಷಿಪಟಲಕ್ಕೂ ನಡುವೆ ಒಂದು ಗೋಡೆ ಇದ್ದಂತೆ. ಚೀಲ ಹರಿದರೆ ಗೋಡೆಯಲ್ಲಿ ಕಿಂಡಿ ಬಿದ್ದಂತಾಯಿತು. ಶಸ್ತ್ರಚಿಕಿತ್ಸೆಯಿಂದ ಹುಟ್ಟಿದ ಉರಿಯೂತದ ರಾಸಾಯನಿಕಗಳ ಜೊತೆಗೆ ಹನಿಯ ಅಂಶವೂ ಹಿಂದಕ್ಕೆ ಸರಿಯಲು ಸುಲಭವಾಗುತ್ತದೆ. ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳ ಬಿಗಿ ಸಡಿಲವಾಗಿ ನೀರು ಜಿನುಗುತ್ತದೆ, ಮ್ಯಾಕ್ಯುಲಾದ ಎಳೆಗಳ ನಡುವೆ ಹೂವಿನ ದಳಗಳ ಆಕಾರದಲ್ಲಿ ಶೇಖರವಾಗುತ್ತದೆ. ಲ್ಯಾಟಾನೊಪ್ರಾಸ್ಟಿನ ಮಾಹಿತಿ ಪತ್ರದಲ್ಲಿ ಎಚ್ಚರಿಕೆ ಇರುವುದು ಇಂಥ ಕಣ್ಣುಗಳ ಬಗ್ಗೆಯೇ: ಮಸೂರವೇ ಇಲ್ಲದವರು, ಕೃತಕ ಮಸೂರ ಹಾಕಿಸಿಕೊಂಡು ಹಿಂಚೀಲ ಹರಿದಿರುವವರು, ಮ್ಯಾಕ್ಯುಲಾದಲ್ಲಿ ಬಾವು ಬರುವ ಬೇರೆ ಕಾರಣಗಳುಳ್ಳವರು. ಈ ಕೊನೆಯ ಮಾತಿನೊಳಗೆ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟವರು, ಹಿಂದೆ ಅಲ್ಲಿನ ರಕ್ತನಾಳ ಮುಚ್ಚಿಹೋದವರು, ಯುವಿಯೈಟಿಸ್ ಎಂಬ ಕಣ್ಣೊಳಗಿನ ಉರಿಯೂತ ಆದವರು ಬರುತ್ತಾರೆ. ಇದೇ ಗುಂಪಿನ ಟ್ರಾವೊಪ್ರಾಸ್ಟ್, ಬಿಮಾಟೊಪ್ರಾಸ್ಟ್, ಟಾಫ್ಲುಪ್ರಾಸ್ಟ್ ಎಲ್ಲಕ್ಕೂ ಇದೇ ಮಾತು ಸಲ್ಲುತ್ತದೆ. ಟಿಮೊಲಾಲ್ ಎಂಬ ಬೇರೆ ಗುಂಪಿನ ಗ್ಲಾಕೋಮಾ ಔಷಧದ ಜೊತೆ ಬೆರೆಸಿದ ಜೋಡಿ ಬಾಟಲಿಗಳಲ್ಲಿ ‘ಪ್ರಾಸ್ಟ್’ ಎಂಬ ಬಾಲ ದೊಡ್ಡಕ್ಷರದ ಬ್ರ್ಯಾಂಡ್ ಹೆಸರಿನ ಕೆಳಗೆ ಅಡಗಿರುತ್ತದೆ, ಹುಡುಕಿ ಓದಬೇಕು.

ಹಾಗಾದರೆ ನನ್ನ ಬಾವಿಗೆ ಹನಿಯೇ ಕಾರಣವೇ? ಹಾಗೆಂದು ಆಣೆ ಮಾಡಿ ಹೇಳಲಾರೆ. ಈ ಹನಿಯನ್ನು ಮುಟ್ಟಿಯೇ ಇಲ್ಲದವರಲ್ಲೂ ಪೊರೆ ಶಸ್ತ್ರಚಿಕಿತ್ಸೆಯ ನಂತರ ಇದೇ ಬಾವು ಬರುತ್ತದೆ. 1953ರಲ್ಲಿ ಅರ್ವಿನ್ ಅವರೂ 1966ರಲ್ಲಿ ಗ್ಯಾಸ್ ಮತ್ತು ನಾರ್ಟನ್ ಅವರೂ ವರ್ಣಿಸಿದ್ದರಿಂದ ಅದಕ್ಕೆ ಅರ್ವಿನ್-ಗ್ಯಾಸ್ ಎಂದೇ ಹೆಸರಿದೆ. ಚೀಲ ಹರಿದಾಗ ಅದರ ಸಾಧ್ಯತೆ ಇನ್ನೂ ಹೆಚ್ಚು. ಜಪಾನಿನ ನಗೋಯಾದ ಮಿಯಾಕೆ ಮತ್ತು ಸಂಗಡಿಗರು 1999ರಲ್ಲಿ, ಶಸ್ತ್ರಚಿಕಿತ್ಸೆಯ ಬೆನ್ನಿಗೇ ಲ್ಯಾಟಾನೊಪ್ರಾಸ್ಟ್ ಹಾಕಿದ ಕಣ್ಣುಗಳಲ್ಲಿ ಬಾವು ಹೆಚ್ಚು ಕಂಡಿತೆಂದೂ, ಉರಿಯೂತ ತಗ್ಗಿಸುವ ಡೈಕ್ಲೊಫೆನಾಕ್ ಹನಿಯನ್ನು ಜೊತೆಗೆ ಕೊಟ್ಟಾಗ ಅದು ತಗ್ಗಿತೆಂದೂ ಪ್ರಕಟಿಸಿದರು. ಅದೇ ಮಿಯಾಕೆ ಮುಂದಿನ ವರ್ಷಗಳಲ್ಲಿ ಬಾಟಲಿಯ ಔಷಧಕ್ಕಿಂತ ಅದು ಕೆಡದಂತೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕದ ಮೇಲೇ ಹೆಚ್ಚು ಅನುಮಾನ ಪಟ್ಟರು. ವಿದ್ವಾಂಸರ ಈ ವಾದ ಇನ್ನೂ ಮುಗಿದಿಲ್ಲ. ಎಲ್ಲ ಸುಸೂತ್ರವಾಗಿ ನಡೆದ ಶಸ್ತ್ರಚಿಕಿತ್ಸೆಯ ನಂತರ ಹನಿಯನ್ನು ನಿಲ್ಲಿಸುವ ಅಗತ್ಯವೇ ಇಲ್ಲವೆನ್ನುವ ವೈದ್ಯರೂ ಬಹಳ ಮಂದಿ ಇದ್ದಾರೆ. ನನ್ನ ಮಟ್ಟಿಗೆ ಇರುವ ಸಾಕ್ಷಿ ಒಂದೇ: ಅದೇ ದೇಹ, ಅದೇ ಬಾಟಲಿ, ಅದೇ ರಾತ್ರಿಯ ಹನಿ, ಸ್ವಂತ ಮಸೂರ ಇಡಿಯಾಗಿರುವ ಎಡಗಣ್ಣಿಗೆ ಏಳು ವರ್ಷದಲ್ಲಿ ಏನೂ ಆಗಲಿಲ್ಲ, ಚೀಲ ಹರಿದ ಬಲಗಣ್ಣಿಗೆ ಎಂಟು ವಾರದಲ್ಲಿ ಆಯಿತು. ಇದರಿಂದ ಹರಿದ ಚೀಲವೇ ಮುಖ್ಯ ಅಪರಾಧಿಯೆಂದು ತೋರುತ್ತದೆ, ಹನಿ ಅದಕ್ಕೆ ಜೊತೆಗೂಡಿರಬಹುದು.

ಲ್ಯಾಟಾನೊಪ್ರಾಸ್ಟ್ ಒಂದನ್ನೇ ಕಟಕಟೆಗೆ ತರುವುದೂ ನ್ಯಾಯವಲ್ಲ. ಹಿಂದೆ ಗ್ಲಾಕೋಮಾಕ್ಕೆ ಅಡ್ರಿನಲಿನ್ ಹನಿ ಬಳಕೆಯಲ್ಲಿದ್ದಾಗ, ಮಸೂರ ತೆಗೆದ ಕಣ್ಣುಗಳಲ್ಲಿ ಇದೇ ಬಗೆಯ ಬಾವು ಬರುತ್ತದೆಂದು ಕೋಲ್ಕರ್ ಮತ್ತು ಬೆಕರ್ 1968ರಲ್ಲೇ ಬರೆದಿದ್ದರು. ಹನಿ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಅದು ಇಳಿಯುತ್ತಿತ್ತು. ತಂದೆಯವರ ಪೈಲೊಕಾರ್ಪಿನ್ನಿನ ಅಪಾಯ ಬೇರೆ ತರಹದ್ದು. ಅದು ಸಿಲಿಯರಿ ಸ್ನಾಯುವನ್ನು ಬಿಗಿಯಾಗಿ ಸೆಳೆಯುವುದರಿಂದ ಅಕ್ಷಿಪಟಲದ ಅಂಚಿನ ಮೇಲೆ ಎಳೆತ ಬಿದ್ದು, ಅಪರೂಪಕ್ಕೆ ಅದು ಹರಿದು ಕಳಚಬಹುದು. ಹೆಚ್ಚು ಮೈನಸ್ ಪವರ್ ಇರುವವರಲ್ಲಿ ಈ ಭಯ ಜಾಸ್ತಿ. ವಯಸ್ಸಾದವರ ಓದುವ ಕನ್ನಡಕಕ್ಕೆ ಬದಲಿಯೆಂದು ಅದೇ ಪೈಲೊಕಾರ್ಪಿನ್ನಿಗೆ 2021ರಲ್ಲಿ ಅಮೆರಿಕದಲ್ಲಿ ಹೊಸ ಅನುಮತಿ ದೊರೆತ ಮೇಲೆ, ಬಳಸಿದ ಕೆಲವರಲ್ಲಿ ಅಕ್ಷಿಪಟಲ ಹರಿದ ವರದಿಗಳು ಬಂದು ಈ ಹಳೆಯ ಎಚ್ಚರಿಕೆ ಮತ್ತೆ ಸುದ್ದಿಯಾಯಿತು. ಇದ್ದಕ್ಕಿದ್ದಂತೆ ಮಿಂಚು, ಹಾರಾಡುವ ಚುಕ್ಕೆಗಳ ಸುರಿಮಳೆ, ಒಂದು ಬದಿಯಿಂದ ಕಪ್ಪು ಪರದೆ ಇಳಿದಂತಾಗುವುದು ಇದರ ಲಕ್ಷಣ. ಮ್ಯಾಕ್ಯುಲಾದ ಬಾವಿನಲ್ಲಿ ಎರಡು ದಿನ ಕಾಯಬಹುದು, ಇದರಲ್ಲಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ತದ್ವಿರುದ್ಧವಾಗಿ ಡಾರ್ಜೊಲಮೈಡ್ ಎಂಬ ಇನ್ನೊಂದು ಗ್ಲಾಕೋಮಾ ಹನಿಯನ್ನು, ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆಯಲ್ಲಿ ಮ್ಯಾಕ್ಯುಲಾದ ನೀರುಗುಳ್ಳೆ ಇಳಿಸಲೆಂದೇ ಕೊಡುತ್ತಾರೆ.

ನನಗೆ ಬಲಗಣ್ಣಿನ ಲ್ಯಾಟಾನೊಪ್ರಾಸ್ಟ್ ನಿಲ್ಲಿಸಿ, ಒತ್ತಡಕ್ಕೆ ಟಿಮೊಲಾಲ್ ಮತ್ತು ಡಾರ್ಜೊಲಮೈಡ್ ಬೆರೆತ ಹನಿಯನ್ನು ದಿನಕ್ಕೆರಡು ಸಲ, ಬಾವಿಗೆ ನೆಪಾಫೆನಾಕ್ ಮತ್ತು ಸ್ಟೀರಾಯ್ಡ್ ಹನಿಗಳನ್ನು ಕೊಟ್ಟರು. ಟಿಮೊಲಾಲ್ ಬರೆಯುವ ಮುನ್ನ ಆಸ್ತಮಾ ಇದೆಯೇ ಎಂದು ಕೇಳಿ ನಾಡಿ ನೋಡಿದರು. ಕಣ್ಣಿನ ಹನಿಯೂ ಎದೆಯವರೆಗೆ ಹೋಗುತ್ತದೆಂಬುದು ಅಲ್ಲಿ ಕುಳಿತಿದ್ದ ನನ್ನ ಹೆಂಡತಿಗೆ ಹೊಸ ಸುದ್ದಿ. ಜೋಡಿ ಹನಿ ಉರಿಯುತ್ತದೆ, ಬಾಯಲ್ಲಿ ಕಹಿ ಬರುತ್ತದೆ, ಬೆಳಗಿನ ಹನಿ ನನಗೆ ವಾರಕ್ಕೊಮ್ಮೆಯಾದರೂ ಮರೆಯುತ್ತದೆ. ಒತ್ತಡ 19ರಲ್ಲಿ ನಿಂತಿದೆ, ಲ್ಯಾಟಾನೊಪ್ರಾಸ್ಟಿನಷ್ಟು ಚೆನ್ನಾಗಿಲ್ಲ, ಆದರೂ ನಡೆಯುತ್ತದೆ. ಹತ್ತು ವಾರಗಳ ನಂತರದ ಚಿತ್ರದಲ್ಲಿ ದಪ್ಪ 291ಕ್ಕೆ ಇಳಿದಿತ್ತು, ಬಟ್ಟಲಿನ ತಗ್ಗು ಮರಳಿತ್ತು, ದೃಷ್ಟಿ 6/9 ಆಗಿತ್ತು. ಕಿಟಕಿಯ ಸರಳು ಈಗ ನೇರವಾಗಿದೆ. ಒಂದರಲ್ಲಿ ಮಾತ್ರ, ಹುಡುಕಿ ನೋಡಿದರೆ, ಕೂದಲೆಳೆಯಷ್ಟು ಸೊಟ್ಟ ಉಳಿದಿದೆ.

ಅಂಕ ಕಳೆದ ಕಾಗದದ ವಿಷಯ ಬಾಕಿ ಇದೆ. ಬಿಡಿಸಿದರೆ ಟವೆಲ್ಲಿನಷ್ಟು ಉದ್ದವಾಗುವ ಆ ಪತ್ರದಲ್ಲಿ ಮೇಲೆ ಹೇಳಿದ ಎಚ್ಚರಿಕೆ ನಿಜಕ್ಕೂ ಇದೆ. ಭೂತಗನ್ನಡಿ ಹಿಡಿದು ಹುಡುಕಿದಾಗ ಎರಡನೆಯ ಅಂಕಣದಲ್ಲಿ ಸಿಕ್ಕಿತು. ಸಂಪೂರ್ಣ ಇಂಗ್ಲಿಷ್, ಸಾಸಿವೆಗಿಂತ ಸಣ್ಣ ಅಕ್ಷರ. ಕಣ್ಣು ಕಾಣದವರಿಗೆಂದು ತಯಾರಾದ ಔಷಧದ ಪತ್ರವನ್ನು ಕಣ್ಣು ಚೆನ್ನಾಗಿರುವವರೂ ಓದಲಾಗದಂತೆ ಅಚ್ಚು ಹಾಕುವುದು ಯಾವ ಲೆಕ್ಕದ ಸೌಜನ್ಯವೋ ತಿಳಿಯದು. ‘ಪೊರೆ ಶಸ್ತ್ರಚಿಕಿತ್ಸೆ ಆಗಿದ್ದರೆ, ಅಥವಾ ಆಗುವುದಿದ್ದರೆ, ಕಣ್ಣಿನ ವೈದ್ಯರಿಗೆ ಈ ಬಾಟಲಿ ತೋರಿಸಿ’ ಎಂಬ ಒಂದು ಸಾಲು ಕನ್ನಡದಲ್ಲಿ ಡಬ್ಬಿಯ ಮೇಲಿದ್ದಿದ್ದರೆ ನಾನು ತೋರಿಸುತ್ತಿದ್ದೆ. ಅಪರೂಪದ ತೊಂದರೆ ಎಂಬುದರ ಅರ್ಥ ಎಲ್ಲರಿಗೂ ಸಮನಾಗಿ ಅಪರೂಪ ಎಂದಲ್ಲ; ಆರೋಗ್ಯವಂತ ಕಣ್ಣಿಗೆ ಅದು ಲಾಟರಿಯಷ್ಟು ಅಪರೂಪ, ಹರಿದ ಚೀಲದ ಕಣ್ಣಿಗೆ ಅಷ್ಟು ಅಪರೂಪವೇನೂ ಅಲ್ಲ.

ನನ್ನ ಪ್ರಕರಣವನ್ನು, ಔಷಧಗಳ ಅಡ್ಡಪರಿಣಾಮ ದಾಖಲಿಸುವ ಭಾರತದ ಔಷಧ ಜಾಗೃತಿ (ಫಾರ್ಮಕೊವಿಜಿಲೆನ್ಸ್) ಕಾರ್ಯಕ್ರಮಕ್ಕೆ ವರದಿ ಮಾಡಿದೆ. 2010ರಲ್ಲಿ ಆರಂಭವಾದ ಈ ಕಾರ್ಯಕ್ರಮವನ್ನು ಈಗ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುತ್ತದೆ. 1800-180-3024 ಎಂಬ ಉಚಿತ ಸಂಖ್ಯೆಗೆ ರೋಗಿಯೇ ಕರೆಮಾಡಬಹುದು, ಔಷಧವೇ ಕಾರಣವೆಂದು ಸಾಬೀತು ಮಾಡುವ ಹೊಣೆ ನಮ್ಮದಲ್ಲ, ಅನುಮಾನವಿದ್ದರೆ ಸಾಕು. ಬ್ಯಾಚ್ ನಂಬರು ಕೇಳುತ್ತಾರೆ, ಆದ್ದರಿಂದ ಡಬ್ಬಿಯನ್ನು ಎಸೆಯದೆ ಇಟ್ಟುಕೊಂಡಿರಬೇಕು. ಹಾಗೆಯೇ, ಈ ಬರಹ ಓದಿ ಯಾರೂ ತಾವಾಗಿಯೇ ಹನಿ ನಿಲ್ಲಿಸಬಾರದು. ಮ್ಯಾಕ್ಯುಲಾದ ಬಾವು ಹೆಚ್ಚಾಗಿ ಇಳಿಯುತ್ತದೆ. ಹನಿ ಬಿಟ್ಟು ಒತ್ತಡ ಏರಿ ಸತ್ತ ನರದ ಎಳೆ ಮತ್ತೆ ಚಿಗುರುವುದಿಲ್ಲ. ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಚೌಕಗಳನ್ನು ನೋಡಿ, ಗೆರೆ ಬಾಗಿದ್ದರೆ ವೈದ್ಯರ ಬಳಿ ಹೋಗಿ.

ಎಡಗಣ್ಣಿಗೂ ಪೊರೆ ಬಲಿಯುತ್ತಿದೆ. ಬರುವ ಮಾಗಿಯಲ್ಲಿ ಶಸ್ತ್ರಚಿಕಿತ್ಸೆ ಎಂದಿದ್ದಾರೆ. ಈ ಸಲ ಬಾಟಲಿಯನ್ನು ಮೇಜಿನ ಮೇಲಿಟ್ಟು ಮಾತಾಡಿದ್ದೇನೆ: ಮೊದಲಿನಿಂದಲೇ ನೆಪಾಫೆನಾಕ್ ಹನಿ, ಚೀಲ ಉಳಿದರೆ ಲ್ಯಾಟಾನೊಪ್ರಾಸ್ಟ್ ಮುಂದುವರಿಕೆ, ಹರಿದರೆ ಅದೇ ದಿನದಿಂದ ಬೇರೆ ಹನಿ, ಎರಡರಲ್ಲಿ ಯಾವುದಾದರೂ ಆರನೆಯ ವಾರಕ್ಕೆ ಒಸಿಟಿ. ವೈದ್ಯರು ಇದನ್ನೆಲ್ಲ ಚೀಟಿಯಲ್ಲಿ ಪೂರ್ಣ ವಾಕ್ಯಗಳಲ್ಲಿ, ಕನ್ನಡದಲ್ಲಿ, ಬರೆದುಕೊಟ್ಟಿದ್ದಾರೆ.